‘ಇಂದ’ ಅಂದವರು ಯಾರು?

ರಜೆ ಅರ್ಜಿ ಬರೆದವರಿಗೆಲ್ಲ ಗೊತ್ತು: ಮೇಲೆ ‘ಇಂದ’, ಅದರ ಕೆಳಗೆ ‘ಗೆ’. ‘ಇಂದ’ ಅನ್ನುವ ಕಡೆ ಪಕ್ಕದ ಬೆಂಚಿನವನ ಹೆಸರು ಬರೆದರೆ ಕಾಗದವೇನೂ ಬೇಡ ಅನ್ನುವುದಿಲ್ಲ. ಇಮೇಲೂ ಹಾಗೇ. ಆದರೂ ‘ಅಡ್ರೆಸ್ ಸರಿಯಾಗೇ ಇತ್ತಲ್ಲ, ಬ್ಯಾಂಕಿನವರದ್ದೇ’ ಎಂದು ವಾದಿಸುವ ಓದಿಕೊಂಡವರು ಇನ್ನೂ ಸಿಗುತ್ತಾರೆ! 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ, ಅಂದರೆ ಮೇಲ್ ಸಾಗಿಸುವ ನಿಯಮ ಬರೆದಾಗ ಜಾಲದಲ್ಲಿದ್ದವು ಕೆಲವು ನೂರು ಕಂಪ್ಯೂಟರುಗಳು. ಒಂದೇ ಕೇರಿಯವರಿದ್ದಂತೆ, ಯಾರು ಯಾರನ್ನು ಅನುಮಾನಿಸಬೇಕು?

ಪತ್ತೆಯ ದಾರಿ ಆಮೇಲೆ ಡಿಎನ್‌ಎಸ್‌ನಲ್ಲಿ ಸಿಕ್ಕಿತು. ಅದು ಡೊಮೈನ್‌ಗಳ, ಅಂದರೆ ಅಡ್ರೆಸ್ಸಿನಲ್ಲಿ @ ಆದಮೇಲೆ ಬರುವ ಹೆಸರುಗಳ ಪಹಣಿ. ಯಾರು ಬೇಕಾದರೂ ನೋಡಬಹುದು, ತಿದ್ದುವುದಕ್ಕೆ ಮಾಲೀಕನೇ ಬೇಕು. (ನಾಡಕಚೇರಿ ಅಲೆಯಬೇಕಿಲ್ಲ.) ಈ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಹಕ್ಕಿದೆ ಎಂದು ಅಲ್ಲಿ ಬರೆದಿಡುವ ಸಾಲು ಎಸ್‌ಪಿಎಫ್. ನಡುವೆ ಯಾರಾದರೂ ಫಾರ್ವರ್ಡ್ ಮಾಡಿದರೆ ಅದರ ಲೆಕ್ಕ ತಪ್ಪುತ್ತದೆ.

ನನಗೆ ಇಷ್ಟವಾದದ್ದು ಡಿಕಿಮ್, ಅಂದರೆ ಮೇಲ್‌ಗೆ ಡೊಮೈನ್ ಹಾಕುವ ಸಹಿ. ಒಂದು ವಿಚಿತ್ರ ಪೆಟ್ಟಿಗೆ ಇದೆ ಅಂದುಕೊಳ್ಳಿ: ಬೀಗ ಹಾಕುವ ಕೀ ಯಜಮಾನನ ಸೊಂಟದಲ್ಲಿ, ತೆಗೆಯುವ ಕೀ ಊರಿಗೆಲ್ಲ ಹಂಚಿದ್ದು. ಊರಿನ ಕೀಗೆ ಪೆಟ್ಟಿಗೆ ತೆರೆಯಿತೋ, ಬೀಗ ಹಾಕಿದವನು ಯಜಮಾನನೇ. ಆ ಊರ ಕೀ ಇರುವುದು ಡಿಎನ್‌ಎಸ್‌ನಲ್ಲಿ. ಇದು ಅರಗಿನ ಮುದ್ರೆಯೂ ಹೌದು: ದಾರಿಯಲ್ಲಿ ಯಾರಾದರೂ ಪತ್ರದ ಒಂದು ಅಲ್ಪವಿರಾಮ ಬದಲಿಸಿದರೂ ಒಡೆಯುತ್ತದೆ.

ಕೀ ಮಾತ್ರ ಗಟ್ಟಿಯಿರಬೇಕು. 2011ರ ಡಿಸೆಂಬರಿನಲ್ಲಿ ಅಮೆರಿಕದ ಗಣಿತಜ್ಞರೊಬ್ಬರಿಗೆ ಗೂಗಲ್‌ನಿಂದ ಕೆಲಸದ ಮೇಲ್ ಬಂತು. ಅನುಮಾನಪಟ್ಟು ನೋಡಿದರೆ ಅದರ ಡಿಕಿಮ್ ಕೀ 512 ಬಿಟ್ ಉದ್ದದ್ದು. ನಿಯಮ ಕೇಳುವುದು ಕನಿಷ್ಠ 1024. ಇದೇ ಸಂದರ್ಶನದ ಒಗಟಿರಬೇಕು ಎಂದುಕೊಂಡ ಅವರು ಸುಮಾರು 75 ಡಾಲರ್‌ಗೆ ಬಾಡಿಗೆ ಕಂಪ್ಯೂಟರ್ ಹಿಡಿದು, ಮೂರು ದಿನದಲ್ಲಿ ಕೀ ಒಡೆದು, ಒಬ್ಬ ಸಂಸ್ಥಾಪಕರ ಹೆಸರಲ್ಲಿ ಇನ್ನೊಬ್ಬರಿಗೆ ಮೇಲ್ ಕಳಿಸಿದರು. ಉತ್ತರ ಬರಲಿಲ್ಲ. ಎರಡು ದಿನದಲ್ಲಿ ಕೀ 2048 ಬಿಟ್ ಉದ್ದದ್ದಾಗಿತ್ತು. ಒಗಟಲ್ಲ, ನಿಜವಾದ ತೂತು!

ಇನ್ನು ಡಿಮಾರ್ಕ್. ನಮ್ಮ ಕಣ್ಣಿಗೆ ಬೀಳುವ ‘ಇಂದ’ಕ್ಕೂ ಆ ಎರಡು ಪರೀಕ್ಷೆಗಳಿಗೂ ಗಂಟು ಹಾಕುವುದು ಅದೇ, ಎರಡೂ ಕೈಕೊಟ್ಟರೆ ತಿರಸ್ಕರಿಸಬೇಕೋ, ಸ್ಪ್ಯಾಮಿಗೆ ತಳ್ಳಬೇಕೋ, ಸುಮ್ಮನಿರಬೇಕೋ ಎಂದು ಮಾಲೀಕನೇ ಬರೆದಿಡುತ್ತಾನೆ. ಸುಮ್ಮನಿರಿ ಎಂದು ಬರೆದು ಕೂತವರೇ ನನಗೆ ಹೆಚ್ಚು ಕಂಡಿದ್ದು. ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ (ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000 ಅಥವಾ ಹೆಚ್ಚು) ಜಿಮೇಲ್, ಯಾಹೂ ಇವೆಲ್ಲವನ್ನೂ ಕಡ್ಡಾಯ ಮಾಡಿದ್ದು 2024ರ ಫೆಬ್ರುವರಿಯಲ್ಲಿ.

ಮೊನ್ನೆ ‘ನಿಮ್ಮ ಪಾರ್ಸೆಲ್ ತಡೆಹಿಡಿದಿದ್ದೇವೆ’ ಎಂಬ ಮೇಲ್ ಬಂತು. ಜಿಮೇಲ್‌ನಲ್ಲಿ ಮೂಲ ಪ್ರತಿ ತೆಗೆದು ನೋಡಿದೆ: ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕೂ ಪಾಸ್. ಆದರೆ ಡೊಮೈನ್‌ನಲ್ಲಿ ‘ಎಲ್’ ಅಕ್ಷರ ಇರಬೇಕಾದ ಕಡೆ 1 ಅಂಕಿ ಕೂತಿತ್ತು. ಕಳ್ಳ ಬೇರೆಯವರ ಹೊಲಕ್ಕೆ ನುಗ್ಗಿರಲಿಲ್ಲ. ಪಕ್ಕದಲ್ಲೇ ತನ್ನದೊಂದು ಕೊಂಡು, ಪಹಣಿ ಸರಿಯಾಗಿಯೇ ಮಾಡಿಸಿಕೊಂಡಿದ್ದ.