ಪರೀಕ್ಷೆ ಹುಡುಗರಿಗೆ ಹೇಳಿದ ಸಾಲು ಟೂರಿಸ್ಟ್ ಬೋರ್ಡ್ ಏರಿದ ಕತೆ

ಚೀನಾದ 20 ಯುವಾನ್ ನೋಟಿನ ಹಿಂಭಾಗ ನೋಡಿದೀರಾ? ಬೆಲ್ಲದಚ್ಚು ಸಾಲಾಗಿ ಇಟ್ಟ ಹಾಗೆ ಗುಡ್ಡಗಳು, ಕೆಳಗೆ ಲೀ ನದಿ, ಅದರಲ್ಲೊಂದು ಬಿದಿರಿನ ತೆಪ್ಪ. ಶಿಂಗ್‌ಪಿಂಗ್ ಅನ್ನೋ ಊರ ಹತ್ರ ಜನ ಇದೇ ನೋಟನ್ನ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನೋಟಿನ ಗುಡ್ಡಕ್ಕೂ ಎದುರಿನ ಗುಡ್ಡಕ್ಕೂ ತಾಳೆ ನೋಡಿ ಫೋಟೋ ತೆಗಿತಾರೆ.

ಈ ಸೀಮೆ ಬಗ್ಗೆ ಚೀನಾದಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು 'ಗುಯ್‌ಲಿನ್ ಶಾನ್‌ಶುಯ್ ಜ್ಯಾ ತ್ಯೆನ್‌ಶ್ಯಾ'. ಗುಯ್‌ಲಿನ್ ಈ ಸೀಮೆಯ ಊರು, ಶಾನ್ ಅಂದ್ರೆ ಬೆಟ್ಟ, ಶುಯ್ ಅಂದ್ರೆ ನೀರು, ಎರಡೂ ಸೇರಿದ್ರೆ ಪ್ರಕೃತಿ ಸೌಂದರ್ಯ. ತ್ಯೆನ್‌ಶ್ಯಾ ಅಂದ್ರೆ ಆಕಾಶದ ಕೆಳಗಿರೋದೆಲ್ಲ. ಮಜಾ ಇರೋದು 'ಜ್ಯಾ'ದಲ್ಲಿ. ಚೀನಿಯರ ಹಳೇ ಹತ್ತು ಗುರುತಿನ ಎಣಿಕೆಯಲ್ಲಿ ಅದು ಮೊದಲನೇದು, ಹಾಗಾಗಿ ಫಸ್ಟ್ ರ‍್ಯಾಂಕ್ ಅನ್ನೋ ಅರ್ಥ. ಲೋಕಕ್ಕೆಲ್ಲ ಗುಯ್‌ಲಿನ್ ಬೆಟ್ಟ-ನೀರೇ ಫಸ್ಟು, ಅಷ್ಟೇ.

ಇದನ್ನ ಮೊದಲು ಹೇಳಿದ್ದು ಯಾರು ಅಂತ ಬಹಳ ಕಾಲ ಗೊಂದಲ ಇತ್ತು, ಯಾಕಂದ್ರೆ 13ನೇ ಶತಮಾನದ ಅಧಿಕಾರಿ ಲೀ ಝೆಂಗ್‌ಬೋ ಬರಹದಲ್ಲಿ ಒಂದಕ್ಷರ ಬೇರೆಯಾಗಿ ಇಂಥದ್ದೇ ಸಾಲಿದೆ, ಅದೇ ಮೂಲ ಅಂತಿದ್ರು. 1983ರಲ್ಲಿ ಗುಯ್‌ಲಿನ್ ಊರ ನಡುವಿನ ದುಶ್ಯೂ ಬೆಟ್ಟದ ಬಂಡೆಯಲ್ಲಿ ಈ ಸಾಲಿರೋ ಪದ್ಯದ ಶಾಸನ ಸಿಕ್ತು. ಸುಣ್ಣದ ನೀರು ಹರಿದು ಹರಿದು ಕಲ್ಲಾಗಿ ಅಕ್ಷರಗಳನ್ನೇ ಮುಚ್ಚಿಬಿಟ್ಟಿತ್ತು. ನೋಡಿ, ಸುಣ್ಣಕಲ್ಲು ಕರಗಿಸಿ ಈ ಗುಡ್ಡಗಳನ್ನ ಕೆತ್ತಿದ್ದೂ ನೀರೇ, ಗುಡ್ಡ ಹೊಗಳಿದ ಪದ್ಯ ಬಚ್ಚಿಟ್ಟಿದ್ದೂ ನೀರೇ!

ಪದ್ಯ 1201ರದ್ದು. ಬರೆದವನು ವಾಂಗ್ ಝೆಂಗ್‌ಗೋಂಗ್, ದಕ್ಷಿಣ ಸೋಂಗ್ ರಾಜವಂಶದ ಕಾಲದ ಅಧಿಕಾರಿ. ಸಂದರ್ಭ ಏನಂದ್ರೆ, ಪ್ರಾಂತ್ಯದ ಪರೀಕ್ಷೆ ಪಾಸಾಗಿ ರಾಜಧಾನಿಯ ದೊಡ್ಡ ಪರೀಕ್ಷೆಗೆ ಹೊರಟ ಹುಡುಗರಿಗೆ ಸರ್ಕಾರದ ಔತಣ. ಮುಂದಿನ ಸಾಲುಗಳಲ್ಲಿ ಪರೀಕ್ಷಾ ಮಂದಿರ ರಣರಂಗದ ಹಾಗೆ ಅಂತಾನೆ, ಹುಲಿ-ಚಿರತೆಯಂಥ ಎದುರಾಳಿಗಳು ಕಾಯ್ತಿದಾರೆ ಅಂತಾನೆ. ಕೊನೇ ಹಂತದ ಅರಮನೆ ಪರೀಕ್ಷೆಯ ದರ್ಜೆಗಳಿಗೂ 'ಜ್ಯಾ' ಅಂತಲೇ ಹೆಸರು! ನನಗನ್ನಿಸೋದು, 'ನಿಮ್ಮೂರ ಬೆಟ್ಟ ಫಸ್ಟ್ ಬಂದಿದೆ, ನೀವೂ ಬನ್ರಪ್ಪ' ಅಂತ ಹುರಿದುಂಬಿಸ್ತಿದ್ದಾನೆ. ಆದ್ರೆ ಜನಕ್ಕೆ ಬೇಕಾಗಿದ್ದು ಮೊದಲ ಏಳು ಅಕ್ಷರ, ಉಳಿದದ್ದು ಬಂಡೆ ಮೇಲೇ ಉಳೀತು.

ಹಾಗಂತ ಹೊಗಳಿಕೆ ಅವನಿಂದಲೇ ಶುರುವಾಗಿಲ್ಲ. ಅದಕ್ಕೂ ಹಿಂದಿನ ತಾಂಗ್ ರಾಜವಂಶದ ಕಾಲದ ಕವಿ ಹಾನ್ ಯೂ ಆಗ್ಲೇ ಇಲ್ಲಿನ ನದಿ ನೀಲಿ ರೇಷ್ಮೆ ಪಟ್ಟಿ, ಬೆಟ್ಟ ಪಚ್ಚೆಯ ಮುಡಿಪಿನ್ನು ಅಂದಿದ್ದ, ವಾಂಗ್‌ನ ಎರಡನೇ ಸಾಲು ಅದನ್ನೇ ನೆನೆಸುತ್ತೆ.

ಪಕ್ಕದ ಯಾಂಗ್‌ಶುಓದವರು ಸುಮ್ನಿರ್ತಾರಾ? 'ಯಾಂಗ್‌ಶುಓ ಬೆಟ್ಟ-ನೀರು ಗುಯ್‌ಲಿನ್‌ಗಿಂತ ಫಸ್ಟು' ಅಂತ ಬಾಲ ಸೇರಿಸಿದ್ರು. ಅಂದಹಾಗೆ ಆ ನೋಟಿನ ಶಿಂಗ್‌ಪಿಂಗ್ ಇರೋದು ಯಾಂಗ್‌ಶುಓ ಕೌಂಟಿಯಲ್ಲೇ.