ಕ್ಯಾಮೆರಾಗೆ ತುಟಿ ಕಾಣುತ್ತದೆ, ಅಂಗುಳ ಕಾಣುವುದಿಲ್ಲ

ಸೀಳುತುಟಿಯ ಬಗ್ಗೆ ವಿಡಿಯೊ ಹುಡುಕಿದರೆ ಮತ್ತೆ ಮತ್ತೆ ಸಿಗುವುದು ಎರಡು ಚಿತ್ರ: ಶಸ್ತ್ರಚಿಕಿತ್ಸೆಗೆ ಮೊದಲು, ಶಸ್ತ್ರಚಿಕಿತ್ಸೆಯ ನಂತರ. ತುಟಿ ಕೂಡಿಕೊಂಡಿದೆ, ಮಗು ನಗುತ್ತಿದೆ, ವಿಡಿಯೊ ಮುಗಿಯಿತು. ಅಂಗುಳವೂ ಸೀಳಿರುವ ಮಗುವಿಗೆ ದೊಡ್ಡ ಕೆಲಸ ಇನ್ನೂ ಬಾಕಿಯೇ ಇರುತ್ತದೆ. ಆದರೆ ಅದು ಬಾಯೊಳಗಿನ ವಿಷಯ.

ಆರೋಗ್ಯ ಮಾಹಿತಿಯ ಗುಣಮಟ್ಟ ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವುದು 'ಡಿಸರ್ನ್' ಎಂಬ ಪ್ರಶ್ನಾವಳಿ. 1990ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಇದರಲ್ಲಿ 16 ಪ್ರಶ್ನೆಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. ಮಾಹಿತಿಯ ಮೂಲ ಯಾವುದು, ಅಪಾಯಗಳನ್ನು ಹೇಳಿದೆಯೇ, ಬೇರೆ ದಾರಿಗಳನ್ನು ತಿಳಿಸಿದೆಯೇ ಎಂದೆಲ್ಲ ಅದು ಕೇಳುತ್ತದೆ. ಹೇಳಿದ ಮಾತು ವೈಜ್ಞಾನಿಕವಾಗಿ ನಿಜವೇ ಎಂದು ಮಾತ್ರ ನೇರವಾಗಿ ಕೇಳುವುದಿಲ್ಲ. ಇನ್ನು 'ವಿಡಿಯೊ ಪವರ್ ಇಂಡೆಕ್ಸ್' ಎಂಬುದು ಲೈಕು-ಡಿಸ್‌ಲೈಕುಗಳ ಮೊತ್ತದಲ್ಲಿ ಲೈಕಿನ ಪಾಲನ್ನು ದಿನದ ಸರಾಸರಿ ವೀಕ್ಷಣೆಯಿಂದ ಗುಣಿಸಿದ ಲೆಕ್ಕ, ಅಂದರೆ ಬರೀ ಜನಪ್ರಿಯತೆ. 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಎಣಿಕೆಯನ್ನು ಮರೆಮಾಡಿದ ಮೇಲೆ ಆ ಲೆಕ್ಕವೂ ಕುಂಟತೊಡಗಿತು. ಹಾಗಾಗಿ ಅಂಕಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ: ಈ ವಿಡಿಯೊ ಮೆದು ಅಂಗುಳದ, ಅಂದರೆ ಅಂಗುಳದ ಹಿಂದಿನ ಮೂಳೆಯಿಲ್ಲದ ಭಾಗದ, ಸ್ನಾಯುವಿನ ಬಗ್ಗೆ ಏನು ಹೇಳುತ್ತದೆ?

ಕನ್ನಡದ ವರ್ಗಾಕ್ಷರಗಳನ್ನು ನೆನಪಿಸಿಕೊಳ್ಳಿ. ಪ, ಫ, ಬ, ಭ ಎನ್ನುವಾಗ ಮೆದು ಅಂಗುಳ ಮೇಲೇರಿ ಮೂಗಿನ ದಾರಿಯನ್ನು ಮುಚ್ಚುತ್ತದೆ. ಮ ಎನ್ನುವಾಗ ಇಳಿದು ದಾರಿ ಬಿಡುತ್ತದೆ. ಪ್ರತಿ ಸಾಲಿನ ಮೊದಲ ನಾಲ್ಕಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸ ಈ ಒಂದು ಬಾಗಿಲಿನದು! ಅದನ್ನು ಎತ್ತುವ ಮುಖ್ಯ ಸ್ನಾಯು ಎಡದಿಂದಲೂ ಬಲದಿಂದಲೂ ಬಂದು ನಡುವೆ ಕೂಡಿ, ಜೋಕಾಲಿಯ ಹಗ್ಗದಂತೆ ಅಂಗುಳವನ್ನು ಹೊತ್ತಿರುತ್ತದೆ. ಸೀಳು ಅಂಗುಳದಲ್ಲಿ ಈ ಎರಡು ತುದಿಗಳು ಕೂಡುವುದೇ ಇಲ್ಲ. ಮುಂದಕ್ಕೆ ತಿರುಗಿ ಗಟ್ಟಿ ಅಂಗುಳದ ಹಿಂಬದಿಯ ಮೂಳೆಯಂಚಿಗೆ ಅಂಟಿಕೊಂಡಿರುತ್ತವೆ. ಹೀಗಾಗಿ ಮೇಲಿನ ಪದರವನ್ನಷ್ಟೇ ಹೊಲಿದರೆ ತೂತು ಮುಚ್ಚಬಹುದು, ಬಾಗಿಲು ಆಡುವುದಿಲ್ಲ. ಜರ್ಮನಿಯ ಶಸ್ತ್ರವೈದ್ಯ ಲಾಂಗೆನ್‌ಬೆಕ್ ಅಂಗುಳ ಮುಚ್ಚುವ ತಮ್ಮ ವಿಧಾನವನ್ನು ಪ್ರಕಟಿಸಿದ್ದು 1861ರಲ್ಲಿ. ಸ್ನಾಯುಗಳನ್ನೇ ಮೂಳೆಯಂಚಿನಿಂದ ಬಿಡಿಸಿ, ಅಡ್ಡಕ್ಕೆ ತಿರುಗಿಸಿ ಜೋಡಿಸಬೇಕೆಂದು ಶಸ್ತ್ರವೈದ್ಯ ಕ್ರೀನ್ಸ್ ವಿವರವಾಗಿ ಪ್ರತಿಪಾದಿಸಿದ್ದು 1969ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ.

ಇದು ತಿಳಿದರೆ ಬಲೂನು ಊದಿಸುವ, ಸ್ಟ್ರಾದಲ್ಲಿ ಗುಳ್ಳೆ ಎಬ್ಬಿಸುವ 'ಮಾತಿನ ವ್ಯಾಯಾಮ'ಗಳ ವಿಡಿಯೊ ಏಕೆ ದಾರಿ ತಪ್ಪಿಸುತ್ತದೆ ಎಂಬುದು ಸ್ಪಷ್ಟ. ಊದುವಾಗ ಅಂಗುಳ ಮುಚ್ಚಿಕೊಳ್ಳುವ ಬಗೆ ಬೇರೆ, ಮಾತಿನಲ್ಲಿ ಮುಚ್ಚಿಕೊಳ್ಳುವ ಬಗೆ ಬೇರೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಬರುವುದಿಲ್ಲ. ಅಂಗುಳ ಗಿಡ್ಡವಾಗಿ ಗಂಟಲಿನ ಹಿಂಗೋಡೆಗೆ ತಲುಪದಿದ್ದರೆ ಯಾವ ವ್ಯಾಯಾಮವೂ ಅದನ್ನು ಉದ್ದ ಮಾಡದು, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಗಾಳಿ ಸೋರುವುದನ್ನು ತಪ್ಪಿಸಲು ಮಗು ಗಂಟಲಲ್ಲೇ ತಡೆದು ಮಾತಾಡುವುದನ್ನು ರೂಢಿಸಿಕೊಂಡಿದ್ದರೆ ಅದನ್ನು ವಾಕ್ ಚಿಕಿತ್ಸೆಯಿಂದ ತಿದ್ದಬಹುದು. ಯಾವುದು ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಅಂಗುಳದ ಅನುಭವವಿರುವ ವಾಕ್ ಚಿಕಿತ್ಸಕರು. ಮನೆಯಲ್ಲಿ ಒಂದು ಸುಳಿವು ನೋಡಬಹುದು: ಮಗು 'ಪಾ ಪಾ ಪಾ' ಎನ್ನಲು ಶುರುಮಾಡಿದ ಮೇಲೆ ತಣ್ಣನೆಯ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು, ನಿಲ್ಲಿಸುವ ಮೊದಲೇ ತೆಗೆಯಿರಿ. ಮಂಜು ಕಟ್ಟಿದರೆ ಗಾಳಿ ಸೋರುತ್ತಿದೆ. ಮೊದಲೇ ಹಿಡಿದರೆ ಬರೀ ಉಸಿರಿಗೂ ಮಂಜು ಕಟ್ಟುತ್ತದೆ.

ಬಸುರಿ ಗ್ರಹಣ ನೋಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಮಾತಿನ ಬಗ್ಗೆಯೂ ಹೇಳಿಬಿಡಬೇಕು, ಏಕೆಂದರೆ ಅದು ತಾಯಂದಿರನ್ನು ಸುಮ್ಮನೆ ನೋಯಿಸುತ್ತದೆ. ಮೆಕ್ಸಿಕೋದ ಆಸ್ಟೆಕ್ ಜನರಿಗೂ ಈ ಭಯವಿತ್ತು. ತುಟಿ ಕೂಡುವುದು ಗರ್ಭದ 4ರಿಂದ 7ನೇ ವಾರದಲ್ಲಿ, ಎಷ್ಟೋ ಬಾರಿ ಬಸಿರು ಖಚಿತವಾಗುವ ಮೊದಲೇ. ಆರನೇ ತಿಂಗಳಲ್ಲಿ ಗ್ರಹಣ ನೋಡಿದ್ದಕ್ಕೆ ಆಗಲೇ ಕೂಡಿಕೊಂಡ ತುಟಿ ಸೀಳುವುದು ಸಾಧ್ಯವೇ ಇಲ್ಲ. ಜೀನುಗಳು, ಧೂಮಪಾನ, ಮೂರ್ಛೆರೋಗದ ಕೆಲವು ಔಷಧಿಗಳು, ಗರ್ಭಕ್ಕೆ ಮೊದಲೇ ಇದ್ದ ಮಧುಮೇಹ — ಅಪಾಯ ಹೆಚ್ಚಿಸುವುದು ಇಂಥವು. ಎಷ್ಟೋ ಮಕ್ಕಳಲ್ಲಿ ಒಂದೇ ಕಾರಣ ಸಿಗುವುದಿಲ್ಲ.

ವಿಡಿಯೊ ತುಂಬ ಹಾನಿ ಮಾಡಬಲ್ಲದ್ದು ಹಾಲುಣಿಸುವ ವಿಷಯದಲ್ಲಿ. ತುಟಿಯಷ್ಟೇ ಸೀಳಿದ್ದರೆ ಮಗು ಸಾಮಾನ್ಯವಾಗಿ ಎದೆಹಾಲು ಹೀರಬಲ್ಲದು. ಅಂಗುಳ ಸೀಳಿದ್ದರೆ ಬಾಯಲ್ಲಿ ಹೀರುವ ಒತ್ತಡವೇ ಹುಟ್ಟುವುದಿಲ್ಲ. ಹಿಂಡಿ ತೆಗೆದ ಎದೆಹಾಲನ್ನು, ಮಗುವಿನ ಚೀಪುವಿಕೆಗೆ ತಕ್ಕಂತೆ ಒತ್ತಬಹುದಾದ ಮೆತ್ತನೆಯ ಬಾಟಲಿಯಲ್ಲಿ ಅಥವಾ ಹಾಲು ಹಿಂದಕ್ಕೆ ಹೋಗದಂತೆ ಕವಾಟವಿರುವ ನಿಪ್ಪಲ್‌ನಲ್ಲಿ ಕೊಡಬೇಕು. ಮಾಮೂಲಿ ನಿಪ್ಪಲ್‌ನ ತೂತನ್ನು ಸೂಜಿಯಿಂದ ದೊಡ್ಡದು ಮಾಡಿ ಎನ್ನುವ ಸಲಹೆ ಅಪಾಯಕಾರಿ: ಹಾಲು ಮಗುವಿನ ಹಿಡಿತ ಮೀರಿ ಸುರಿದು ಉಸಿರುಗಟ್ಟಿಸಬಹುದು. ಮಗುವನ್ನು ಕನಿಷ್ಠ 45 ಡಿಗ್ರಿ ಎತ್ತರಿಸಿ ಹಿಡಿಯಿರಿ, ನಡುನಡುವೆ ತೇಗಿಸಿ. ಮೂಗಿನಿಂದ ಸ್ವಲ್ಪ ಹಾಲು ಬಂದರೆ ಗಾಬರಿಯಾಗಬೇಕಿಲ್ಲ, ಕ್ಷಣ ನಿಲ್ಲಿಸಿ ಒರೆಸಿ ಮುಂದುವರಿಸಿ. ಆದರೆ ಪ್ರತಿ ಬಾರಿಯೂ 30 ನಿಮಿಷ ದಾಟುತ್ತಿದ್ದರೆ, ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಮರಳದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಾಲು ಕುಡಿಯುವಾಗ ತುಟಿ ನೀಲಿಯಾದರೆ ಅಲ್ಲೇ ನಿಲ್ಲಿಸಿ, ತುರ್ತಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.