ಡಿಸ್ಕ್ ತುಂಬಿತೆಂದು ಕಿರ್ದಿ ಪುಸ್ತಕ ಹರಿಯಬೇಡಿ

ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಡೇಟಾಬೇಸ್ ಸರ್ವರ್‌ನ ಡಿಸ್ಕ್ ಇನ್ನೇನು ತುಂಬಲಿದೆ. ಜಾಗ ತಿಂದಿದ್ದು ಯಾವುದು ಎಂದು ಹುಡುಕಿದರೆ, ಒಂದು ಫೋಲ್ಡರ್‌ನಲ್ಲಿ 24 ಅಕ್ಷರದ ಹೆಸರಿನ ಫೈಲುಗಳು ಸಾವಿರಗಟ್ಟಲೆ ಸಿಗುತ್ತವೆ. ಪ್ರತಿಯೊಂದೂ ಸರಿಯಾಗಿ 16 ಎಂಬಿ. ತೆರೆದು ನೋಡಿದರೆ ಓದಲು ಬರುವಂಥದ್ದು ಏನೂ ಇಲ್ಲ. ‘ಲಾಗ್ ತಾನೇ, ಹಳೇದನ್ನು ಅಳಿಸಿಬಿಡೋಣ’ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಅಲ್ಲೇ ನಿಲ್ಲಿಸಿ.

ನಾನು ಹೇಳುತ್ತಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಗ್ಗೆ. ಈ ಫೋಲ್ಡರ್‌ಗೆ ಮೊದಲು ‘ಪಿಜಿ_ಎಕ್ಸ್‌ಲಾಗ್’ ಎಂಬ ಹೆಸರಿತ್ತು. ಹೆಸರಿನಲ್ಲಿ ಲಾಗ್ ಇದೆಯಲ್ಲ, ಬೇಡದ್ದು ಎಂದುಕೊಂಡು ಕೆಲವರು ಅಳಿಸಿದರು. ಮತ್ತೆಂದೂ ಸಿಗದ ಹಾಗೆ ಡೇಟಾ ಕಳೆದುಕೊಂಡರು. ಕೊನೆಗೆ 2017ರ 10ನೇ ಆವೃತ್ತಿಯಲ್ಲಿ ಫೋಲ್ಡರ್ ಹೆಸರನ್ನೇ ‘ಪಿಜಿ_ವಾಲ್’ ಎಂದು ಬದಲಿಸಿದರು. ವಾಲ್ ಎಂದರೆ ‘ರೈಟ್-ಅಹೆಡ್ ಲಾಗ್’, ಬದಲಾವಣೆಯನ್ನು ಮುಂಚಿತವಾಗಿ ಬರೆದಿಡುವ ದಾಖಲೆ. ಕಾರಣವನ್ನೂ ಬಿಡುಗಡೆ ಟಿಪ್ಪಣಿಯಲ್ಲಿ ಬರೆದರು. ಒಂದು ಹೆಸರಿನಿಂದ ಇಷ್ಟು ನಷ್ಟ!

ಹಳೇ ಅಂಗಡಿಗಳ ಲೆಕ್ಕ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಅಲ್ಲಿ ಕಿರ್ದಿ, ಖಾತೆ ಎಂದು ಎರಡು ಪುಸ್ತಕ. ವ್ಯಾಪಾರ ನಡೆದ ಹಾಗೇ ಒಂದರ ಕೆಳಗೊಂದು ಕಿರ್ದಿಯಲ್ಲಿ ಬರೆಯುತ್ತಾರೆ. ಬಿಡುವಾದಾಗ ಅವರವರ ಖಾತೆಗೆ ಏರಿಸುತ್ತಾರೆ. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ನೀವು ಯಾರಿಗೋ 500 ರೂಪಾಯಿ ಕಳಿಸಿದಿರಿ ಎನ್ನಿ. ಆ ಬದಲಾವಣೆ ಮೊದಲು ವಾಲ್ ಫೈಲಿಗೆ ಹೋಗಿ ಡಿಸ್ಕ್ ಮೇಲೆ ಕೂರಬೇಕು. ಆಮೇಲೆಯೇ ‘ಆಯಿತು’ ಎಂಬ ಉತ್ತರ. ಟೇಬಲ್ ಇರುವ ಫೈಲಿಗೆ ಅದು ನಿಧಾನವಾಗಿ ಇಳಿಯುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಶುರುವಾದಾಗ ಕಿರ್ದಿ ಓದಿಕೊಂಡು ಖಾತೆ ಸರಿಮಾಡಿಕೊಳ್ಳುತ್ತದೆ. ಇನ್ನೂ ಏರಿಸದ ಪುಟವನ್ನು ನೀವು ಹರಿದಿದ್ದರೆ? ಸರ್ವರ್ ಮೇಲೇಳುವುದೇ ಕಷ್ಟ.

ಖಾತೆಗೆ ಏರಿಸಿ ಮುಗಿಸುವ ಘಟ್ಟಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಸೆಟ್ಟಿಂಗ್ ಮುಟ್ಟದಿದ್ದರೆ 5 ನಿಮಿಷಕ್ಕೊಮ್ಮೆ ನಡೆಯುತ್ತದೆ, ಬರೆಯುವ ಕೆಲಸ ಜಾಸ್ತಿಯಿದ್ದರೆ ಇನ್ನೂ ಬೇಗ. ಅದಾದ ಮೇಲೆ ಹಳೇ ಫೈಲುಗಳನ್ನು ಪೋಸ್ಟ್‌ಗ್ರೆಸ್ ತಾನೇ ಅಳಿಸುತ್ತದೆ, ಇಲ್ಲವೇ ಹೆಸರು ಬದಲಿಸಿ ಮತ್ತೆ ಬಳಸುತ್ತದೆ. ಮೊದಲೇ ಇಟ್ಟಿರುವ ಮಿತಿ 1 ಜಿಬಿ, ಅಂದರೆ 64 ಫೈಲು. ಕೆಲಸದ ಒತ್ತಡದಲ್ಲಿ ಅದನ್ನು ದಾಟುವುದುಂಟು. ಆದರೆ ಈ ಮಿತಿಯಿದ್ದೂ ನೂರಾರು ಜಿಬಿ ಆಗಿ ದಿನವೂ ಬೆಳೆಯುತ್ತಿದ್ದರೆ, ಯಾರೋ ‘ಇದು ನನಗಿನ್ನೂ ಬೇಕು’ ಎಂದು ಹಿಡಿದುಕೊಂಡಿದ್ದಾರೆ. ಹುಡುಕಬೇಕಾದ್ದು ಅವರನ್ನು.

ಕೆಲವೊಮ್ಮೆ ಅದು ಬ್ಯಾಕಪ್ ವ್ಯವಸ್ಥೆ. ವಾಲ್ ಫೈಲನ್ನು ಬೇರೆಡೆಗೆ ನಕಲು ಮಾಡುವ ಕಮಾಂಡ್ ಸೋಲುತ್ತಿದ್ದರೆ, ನಕಲಾಗದ ಫೈಲನ್ನು ಪೋಸ್ಟ್‌ಗ್ರೆಸ್ ಅಳಿಸುವುದಿಲ್ಲ.

ನಾನು ಕಣ್ಣಾರೆ ಕಂಡದ್ದು ಇನ್ನೊಂದು ಥರದ್ದು. ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಪಡೆದು ತನ್ನಲ್ಲೂ ಇಟ್ಟುಕೊಳ್ಳುವ ಒಂದು ನಕಲು ಸರ್ವರ್ ಇತ್ತು. ಅದನ್ನು ತೆಗೆದುಹಾಕಿದ್ದರು. ಆದರೆ ಮುಖ್ಯ ಸರ್ವರ್‌ನಲ್ಲಿ ಅದರ ಹೆಸರಿನ ರೆಪ್ಲಿಕೇಶನ್ ಸ್ಲಾಟ್, ಅಂದರೆ ನಕಲು ಸರ್ವರ್ ಇನ್ನೂ ಪಡೆಯದ ವಾಲ್ ಅನ್ನು ಅದಕ್ಕಾಗಿ ಉಳಿಸಿಡುವ ಗುರುತು, ಹಾಗೇ ಉಳಿದಿತ್ತು. ಸ್ಲಾಟ್‌ಗಳ ಪಟ್ಟಿ ತೆಗೆದರೆ ಒಂದೇ ಸಾಲು. ‘ಆಕ್ಟಿವ್’ ಎಂಬ ಕಾಲಂನಲ್ಲಿ ‘ಎಫ್’ (ಫಾಲ್ಸ್), ಅಂದರೆ ಅದನ್ನು ಬಳಸುತ್ತಿರುವವರು ಯಾರೂ ಇಲ್ಲ. ಬರದ ಅತಿಥಿಗೆ ಎಲೆ ಹಾಕಿಟ್ಟು ಕಾಯುತ್ತಿದ್ದ ಹಾಗಿತ್ತು. ಆ ಸರ್ವರ್ ಮತ್ತೆ ಬರುವುದಿಲ್ಲ ಎಂದು ಎರಡೆರಡು ಸಲ ಕೇಳಿಕೊಂಡು ಸ್ಲಾಟ್ ತೆಗೆದೆವು. ಚೆಕ್‌ಪಾಯಿಂಟ್ ನಡೆಸಿದೆವು. ಫೈಲುಗಳು ತಾವಾಗಿಯೇ ಕರಗಿದವು.

ಓದಲು ಬರುವ, ತಪ್ಪುಗಳನ್ನು ಮತ್ತು ನಿಧಾನದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೊಡುವ ಆದೇಶಗಳನ್ನು) ಬರೆದಿಡುವ ಲಾಗ್ ಫೈಲುಗಳೂ ಇರುತ್ತವೆ. ಅವುಗಳ ವಿಷಯ ಬೇರೆ. ದಿನಕ್ಕೊಂದರಂತೆ ತಿರುಗಿಸಿ, ಹಳೇದನ್ನು ನಿಶ್ಚಿಂತೆಯಿಂದ ಅಳಿಸಬಹುದು.

2020ರ 13ನೇ ಆವೃತ್ತಿಯಿಂದ, ಒಂದು ಸ್ಲಾಟ್‌ಗಾಗಿ ಎಷ್ಟು ವಾಲ್ ಉಳಿಸಬೇಕು ಎಂದು ಮಿತಿ ಹಾಕಬಹುದು. ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ಹಾಕಿದರೆ, ತೀರಾ ಹಿಂದೆ ಬಿದ್ದ ನಕಲು ಸರ್ವರ್ ಕೈತಪ್ಪಬಹುದು, ಅದನ್ನು ಮೊದಲಿಂದ ಕಟ್ಟಬೇಕಾಗಬಹುದು. ನಾನಂತೂ ಹಾಕುತ್ತೇನೆ. ವಾಲ್‌ಗೆ ಜಾಗವೇ ಇಲ್ಲದೆ ಮುಖ್ಯ ಸರ್ವರ್ ನಿಂತರೆ, ನಕಲು ಇದ್ದೂ ಅವತ್ತಿನ ವ್ಯವಹಾರ ನಿಂತ ಹಾಗೆಯೇ.